ಮದುವೆ ಮಾಡಿಸುವ ಕೋಟು

ಟೈಲರನಿಗೆ ಕೋಟಪ್ಪ ಎಂದು ಅಡ್ಡಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಅವನ ಹತ್ತಿರ ಕೋಟು ಹೊಲಿಸಿಕೊಂಡ ಗಂಡಸರಿಗೆಲ್ಲ ತಿಂಗಳೊಪ್ಪತ್ತಿನಲ್ಲಿ ಮದುವೆಯಾಗುತ್ತಿತ್ತು. ಬೋಳುತಲೆಯವರಿಗೂ ಆಯಿತು, ಮಾತೆತ್ತಿದರೆ ಜಗಳಕ್ಕೆ ನಿಲ್ಲುವವರಿಗೂ ಆಯಿತು. ಬರೀ ಅಂಗಿ ಹೊಲಿಸಿದವರು ಮಾತ್ರ ಹಾಗೇ ಉಳಿದರು. ಇದೆಲ್ಲ ತನ್ನ ಕೈಗುಣವೆಂದು ಕೋಟಪ್ಪ ಬಲವಾಗಿ ನಂಬಿದ್ದ.

"ರೀ, ಮದುವೆ ಗೊತ್ತಾದ್ಮೇಲೇ ಅಲ್ವಾ ಅವ್ರು ಕೋಟು ಹೊಲಿಸೋಕೆ ಬರೋದು?" ಎಂದಳು ಕಾಜಾ ಹೊಲಿಯುತ್ತಿದ್ದ ಹೆಂಡತಿ.

"ನಿಂಗೆ ಇದೆಲ್ಲ ತಿಳಿಯಲ್ಲ, ಸುಮ್ನಿರು" ಎಂದು ಕೋಟಪ್ಪ ಕತ್ತರಿ ಎತ್ತಿಕೊಂಡ.

ಅವನ ಚಿಂತೆಯೆಲ್ಲ ತಮ್ಮನದು. ಅಂಗಡಿಯಲ್ಲೇ ಇಸ್ತ್ರಿ ಮಾಡುತ್ತಿದ್ದ ಆ ತಮ್ಮನಿಗೆ ನಲವತ್ತು ಹತ್ತಿರವಾದರೂ ಮದುವೆಯಿಲ್ಲ. ಎದುರಿನ ಗುಂಡಿ ಅಂಗಡಿಯವಳ ಮೇಲೆ ಅವನಿಗೆ ಮನಸ್ಸು. ದಿನವೂ ಹೋಗಿ ಬೇಡದ ಗುಂಡಿ ಕೊಂಡು ತರುತ್ತಿದ್ದನೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಅವಳೂ ಇವನ ದಾರಿ ಕಾಯುತ್ತಾಳೆಂಬುದು ಅತ್ತಿಗೆಯ ಕಣ್ಣಿಗೆ ಬಿದ್ದಿತ್ತು.

ಕೋಟಪ್ಪ ಅಂಗಡಿಯಲ್ಲಿದ್ದ ಒಳ್ಳೆಯ ಬಟ್ಟೆ ಕತ್ತರಿಸಿ ತಮ್ಮನಿಗೊಂದು ಕೋಟು ಹೊಲಿದ. "ಮದುವೆ ಆಗೋವರೆಗೂ ಇದನ್ನ ಬಿಚ್ಚಕೂಡದು" ಎಂದು ಕಟ್ಟಪ್ಪಣೆ ಮಾಡಿದ. ಪಾಪ, ತಮ್ಮ ಬಿರುಬಿಸಿಲಿನಲ್ಲಿ ಕೋಟಿನೊಳಗೆ ಬೇಯುತ್ತಲೇ ಇಸ್ತ್ರಿ ತಿಕ್ಕಿದ, ಬೆವರು ಒರೆಸಿಕೊಂಡು ಗುಂಡಿ ತರಲು ಹೋದ.

ಕೋಟು ನೋಡಿದ್ದೇ ತಡ, ಅಂಗಡಿಯವಳ ಮುಖ ಸಣ್ಣಗಾಯಿತು. ಆ ಬೀದಿಯಲ್ಲಿ ಹೊಸ ಕೋಟು ಕಂಡರೆ ಮದುವೆ ಗೊತ್ತಾಗಿದೆಯೆಂದೇ ಅರ್ಥ.

"ಒಳ್ಳೇದಾಗ್ಲಿ. ಇನ್ಮೇಲೆ ಗುಂಡಿ ಬೇಕಿದ್ರೆ ನಿಮ್ಮನೆಯವ್ರನ್ನೇ ಕಳ್ಸಿ" ಎಂದು ಒಳಗೆ ಹೋಗಿಬಿಟ್ಟಳು.

ತಮ್ಮ ವಾಪಸು ಬಂದು ಸ್ಟೂಲಿನ ಮೇಲೆ ಕುಸಿದ. "ನನ್ನ ಕಥೆ ಮುಗೀತು ಅತ್ತಿಗೆ" ಎಂದು ನಡೆದದ್ದನ್ನೆಲ್ಲ ಹೇಳಿದ. ಕೋಟಪ್ಪನಿಗೂ ಕರುಳು ಚುರುಕ್ಕೆಂದಿತು.

"ತೋಳು ಸ್ವಲ್ಪ ಉದ್ದ ಆಯ್ತೇನೋ" ಎಂದು ಟೇಪು ಹಿಡಿದ.

ಹೆಂಡತಿ ಹಣೆ ಚಚ್ಚಿಕೊಂಡು, ಮೈದುನನ ಮೈಮೇಲಿಂದ ಕೋಟು ಕಿತ್ತು ಬಿಸಾಕಿದಳು. "ಬರೀ ಅಂಗೀಲಿ ಹೋಗಪ್ಪ. ಮದುವೆ ಯಾರ ಜೊತೆಗೂ ಗೊತ್ತಾಗಿಲ್ಲ, ನಿಮ್ಮನ್ನೇ ಕೇಳೋಣ ಅಂತಿದ್ದೆ ಅಂತ ಹೇಳು" ಎಂದು ಬಾಗಿಲಾಚೆ ದಬ್ಬಿದಳು. ಬೆವರಿನಲ್ಲಿ ನೆಂದ ಹಳೆಯ ಅಂಗಿಯಲ್ಲೇ ಅವನು ಬೀದಿ ದಾಟಿದ, ತೊದಲುತ್ತ ಕೇಳಿದ. ಅವಳು ಒಪ್ಪಿದಳು.

"ಈಗಲಾದ್ರೂ ತಿಳೀತಾ?" ಎಂದಳು ಹೆಂಡತಿ.

"ತಿಳೀತು ಕಣೆ" ಎಂದ ಕೋಟಪ್ಪ, ಬಹಳ ವಿನಯದಿಂದ.

ಮರುದಿನ ಅಳತೆ ಕೊಡಲು ಬಂದ ಗಿರಾಕಿಯ ಕಿವಿಯ ಹತ್ತಿರ ಬಗ್ಗಿ ಅವನು ಗುಟ್ಟು ಹೇಳಿದ. "ಕೋಟು ಹೊಲಿದ್ಕೊಡ್ತೀನಿ ಸ್ವಾಮಿ. ಆದ್ರೆ ಒಂದ್ಸಲ ಹಾಕ್ಕೊಂಡು ತಕ್ಷಣ ಬಿಚ್ಚಿಬಿಡಿ. ಮದುವೆ ಆಗೋದು ಬಿಚ್ಚಿದ್ಮೇಲೇ."