ಹಗಲಿನ ಸೀಟು, ಸಂಜೆಯ ಸೀಟು

ಕೆಳಗಿನ ಮನೆಯ ಅಕ್ಕ ಈ ಕತೆಯನ್ನು ಯಾರಿಗೆ ಹೇಳಿದರೂ ಒಂದೇ ರೀತಿ ಹೇಳುತ್ತಾರೆ. "ಇವಳಿಗೆ ಎರಡೆರಡು ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತ್ತು ಮಾರಾಯ್ರೆ. ಮನೆ, ಕೆಲಸ, ಗಂಡ ಎಲ್ಲ ನೋಡಿ ಜಾಣತನದಲ್ಲಿ ಸಂಜೆಯದ್ದನ್ನು ಆರಿಸಿದಳು." ಹೇಳುವಾಗ ಅವರ ದನಿಯಲ್ಲಿ ನನ್ನ ಬಗ್ಗೆ ಹೆಮ್ಮೆ ಇರುತ್ತದೆ. ಹಾಗಾಗಿ ನಾನು ಬಾಯಿ ಮುಚ್ಚಿಕೊಂಡು ಚಹಾ ಕುಡಿಯುತ್ತೇನೆ. ಆದರೆ ಅಲ್ಲಿ ಜಾಣತನ ಇರಲಿಲ್ಲ. ಆರಿಸಿದಳು ಎನ್ನುವುದಂತೂ ಸುಳ್ಳೇ. ನಾನು ಆರಿಸಲಿಲ್ಲ, ಗೆದ್ದೆ.

ಮಂಗಳೂರಿನಲ್ಲಿ ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಗ ಮದುವೆಯಾಗಿ ದೋಹಾಕ್ಕೆ ಬಂದವಳು ನಾನು. ಕಾಲೇಜಿನ ಚರ್ಚಾ ತಂಡದಲ್ಲಿ ಇದ್ದವಳು. ಇಲ್ಲಿ ಒಂಬತ್ತು ವರ್ಷ ಸುಮ್ಮನಿದ್ದು, ಆಮೇಲೆ ಅಲ್ ಸದ್ದ್‌ನ ಒಂದು ಕ್ಲಿನಿಕ್ಕಿನಲ್ಲಿ ಬೆಳಗಿನ ಪಾಳಿಯ ರಿಸೆಪ್ಷನಿಸ್ಟ್ ಆಗಿ, ಸಂಜೆ ಕಮ್ಯೂನಿಟಿ ಕಾಲೇಜಿಗೆ ಹೋಗಿ ಎರಡು ವರ್ಷದ ಡಿಪ್ಲೊಮಾ ಮುಗಿಸಿದೆ. ತರಗತಿಯಲ್ಲಿ ಉಳಿದವರಿಗೆಲ್ಲ ಹತ್ತೊಂಬತ್ತು, ಇಪ್ಪತ್ತು. ನನಗೆ ಇಪ್ಪತ್ತೊಂಬತ್ತು. ಮೊದಲ ವಾರ ಒಬ್ಬಳು ನನ್ನನ್ನೇ ಮೇಡಂ ಎಂದುಕೊಂಡು ಹಾಜರಿ ಹಾಕಲು ಹೇಳಿದ್ದಳು.

ಡಿಪ್ಲೊಮಾದಿಂದ ಪದವಿಗೆ ದಾಟಬೇಕಿತ್ತು. ಒಂದು ಹಗಲಿನ ವಿಶ್ವವಿದ್ಯಾಲಯ. ಅವರು ನಾನು ಡಿಪ್ಲೊಮಾದಲ್ಲಿ ಪಾಸಾದ ಹೆಚ್ಚುಕಡಿಮೆ ಎಲ್ಲ ವಿಷಯಗಳನ್ನೂ ಪದವಿಯ ಲೆಕ್ಕಕ್ಕೆ ಒಪ್ಪಿದ್ದರು, ಎರಡು ವರ್ಷದಲ್ಲಿ ಪದವಿ. ಆದರೆ ಕ್ಲಿನಿಕ್ಕು ಬಿಡಬೇಕು. ಇನ್ನೊಂದು ಸಂಜೆಯದು. ಕೆಲಸ ಉಳಿಯುತ್ತದೆ, ಆದರೆ ಅವರು ಅರ್ಧ ವಿಷಯಗಳನ್ನು ತಳ್ಳಿಹಾಕಿದ್ದರು, ಪದವಿಗೆ ನಾಲ್ಕು ವರ್ಷ. ತಳ್ಳಿಹಾಕಿದ ಪಟ್ಟಿಯಲ್ಲಿ ಮೊದಲನೆಯದು ಭಾಷಣಕಲೆ. ಆ ಪತ್ರವನ್ನು ನಾನು ಗಂಡನಿಗೆ ಓದಿ ಹೇಳಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿನ್ನ ಮಾತು ಯಾರಿಗೂ ಬೇಡವಂತೆ ಕಣೇ."

ಎರಡು, ನಾಲ್ಕು ಎಂಬುದು ಬರೀ ಓದಿನ ಲೆಕ್ಕವಲ್ಲ. ಗಲ್ಫಿನಲ್ಲಿ ಪ್ರತಿ ಮನೆಯಲ್ಲೂ "ಇನ್ನೆರಡು ವರ್ಷ, ಆಮೇಲೆ ಊರಿಗೆ" ಎಂಬ ಮಾತು ಇರುತ್ತದೆ. ಆ ಎರಡು ವರ್ಷ ಎಂದೂ ಮುಗಿಯುವುದಿಲ್ಲ. ಹಾಗಾಗಬಾರದು ಎಂದು ನಾವು ನಮ್ಮ ವಾಯಿದೆಗೆ ಒಂದು ಗೂಟ ಹೊಡೆದಿದ್ದೆವು: ನನ್ನ ಪದವಿ. ಅದು ಮುಗಿದ ತಿಂಗಳು ಮಂಗಳೂರಿಗೆ ಹೊರಡುವುದು, ನಾನು ಮೂರು ವರ್ಷದ ಕಾನೂನು ಓದಿಗೆ ಸೇರುವುದು. ನನಗೆ ಬೇಕಾದದ್ದು ಅದೇ, ಆದಷ್ಟು ಬೇಗ. ಹಾಗಿದ್ದ ಮೇಲೆ ಹಗಲಿನದಕ್ಕೆ ಒಪ್ಪಿಗೆ ಒತ್ತಿ ಮುಗಿಸಬಹುದಿತ್ತಲ್ಲ? ಮುಗಿಸಲಿಲ್ಲ. ಒಪ್ಪಿಗೆ ಕಳಿಸಲು ಭಾನುವಾರ ಕೊನೆಯ ದಿನ. ಆ ವಾರವಿಡೀ ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂತು ನನ್ನದೇ ವಾದಕ್ಕೆ ನಾನೇ ಆಕ್ಷೇಪ ಎತ್ತುತ್ತಿದ್ದೆ. ಕೆಲಸ ಬಿಟ್ಟು ಓದು ತಲೆಗೆ ಹತ್ತದಿದ್ದರೆ? ಮೂವತ್ತು ದಾಟಿದವಳಿಗೆ ಮತ್ತೆ ಕೆಲಸ ಯಾರು ಕೊಡುತ್ತಾರೆ? ಬಂದ ರೋಗಿಗಳ ಹೆಸರನ್ನು ಎರಡೆರಡು ಸಲ ಕೇಳಿ ಬೈಸಿಕೊಂಡೆ.

ಕೊನೆಗೆ ನನಗೆ ಗೊತ್ತಿದ್ದ ಒಂದೇ ದಾರಿ ಹಿಡಿದೆ. ಚರ್ಚಾ ತಂಡದಲ್ಲಿ ನಮಗೆ ಕಲಿಸಿದ್ದು ಇದು: ಗೊಂದಲವಿದ್ದರೆ ಎರಡೂ ಪಕ್ಷ ವಹಿಸಿ ಮಾತಾಡು, ಎರಡಕ್ಕೂ ಪ್ರಾಮಾಣಿಕವಾಗಿ ದುಡಿ, ತೀರ್ಪನ್ನು ಕೇಳುವವರಿಗೆ ಬಿಡು. ತೀರ್ಪು ಬಂದ ಮೇಲೆ ಗೊಣಗುವಂತಿಲ್ಲ.

ಶುಕ್ರವಾರ ಬೆಳಗ್ಗೆ ತಿಂಡಿಯಾದ ಮೇಲೆ ಗಂಡನನ್ನು ಸೋಫಾದ ಮೇಲೆ ಕೂರಿಸಿದೆ. ಅವರು ಮೈಸೂರಿನವರು, ವೆಸ್ಟ್ ಬೇಯ ಆಫೀಸೊಂದರಲ್ಲಿ ಕೆಲಸ. ವಾರವಿಡೀ ಮೀಟಿಂಗು ಕೇಳಿ ದಣಿದವರು ರಜೆಯ ದಿನ ಇನ್ನೊಂದಕ್ಕೆ ಸಿಕ್ಕಿಬಿದ್ದರು.

"ಏಳೇಳು ನಿಮಿಷ. ಮಧ್ಯೆ ಮಾತಾಡಬಾರದು. ಕೊನೆಯಲ್ಲಿ ಯಾವುದು ಗೆದ್ದಿತು, ಯಾಕೆ ಅಂತ ಹೇಳಬೇಕು. ನಾನು ಹೇಳಿದ್ದನ್ನು ಮಾತ್ರ ತೂಗಬೇಕು ಮಾರಾಯ್ರೆ, ನಿಮ್ಮದು ಸೇರಿಸಬಾರದು."

"ಸರಿ ಮಹಾತಾಯಿ. ಯಲ್ಲಾ, ಶುರು ಮಾಡು."

ಮೊದಲು ಹಗಲಿನ ಪಕ್ಷ. ಅರ್ಧದಲ್ಲಿ ಕೆಳಗಿನ ಮನೆಯ ಅಕ್ಕ ನಮ್ಮ ಇಡ್ಲಿ ಪಾತ್ರೆ ವಾಪಸು ಕೊಡಲು ಬಂದರು. ಉಡುಪಿಯ ಕಡೆಯವರು. ಬಾಗಿಲಲ್ಲೇ ನಿಂತು, "ಎಂತ ಮಾರಾಯ್ತಿ, ಬೆಳಗ್ಗೆ ಬೆಳಗ್ಗೆ ಗಂಡನಿಗೆ ಬೈಗುಳವಾ?" ಎಂದರು.

"ಬೈಗುಳ ಅಲ್ಲ ಅಕ್ಕ, ಚರ್ಚೆ," ಎಂದರು ಇವರು. "ಎರಡು ಕಡೆಯಿಂದಲೂ ಅವಳೇ ಮಾತಾಡ್ತಾಳೆ."

"ಹಾಗಾದರೆ ನಿಮ್ಮ ಮನೆಯಲ್ಲಿ ದಿನಾ ಆಗುವುದೇ ಅಲ್ವಾ ಇದು?" ಎಂದು ಅಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತೇಬಿಟ್ಟರು.

ಹಗಲಿನ ಪಕ್ಷವನ್ನು ನಾನು ಕೆಟ್ಟದಾಗಿ ಮಂಡಿಸಿದೆ. ಇಂದಿಗೂ ಅದು ನನಗೆ ಬೇಸರ. ಬೇಕು ಎನಿಸಿದ್ದಕ್ಕೆ ಕಾರಣ ಕೊಡಲು ಹೊರಟರೆ ನಾಲಗೆ ತೊದಲುತ್ತದೆ. ಇಡೀ ದಿನ ಲೈಬ್ರರಿಯಲ್ಲಿ ಕೂರಬೇಕು, ಯಾರೂ ಹೆಸರು ಕರೆಯದ ಕಡೆ ಕೂತು ಓದಬೇಕು ಎಂದೆ. ಹೇಳುವಾಗಲೇ ಅದು ವಾದವಲ್ಲ, ಆಸೆ ಎಂದು ಗೊತ್ತಾಯಿತು. ಐದು ನಿಮಿಷಕ್ಕೆ ಮಾತು ಮುಗಿಯಿತು. ಉಳಿದ ಎರಡು ನಿಮಿಷ ಎ.ಸಿ. ಮಾತಾಡಿತು.

ಸಂಜೆಯ ಪಕ್ಷಕ್ಕೆ ಎದ್ದಾಗ ನನಗೆ ಅದರ ಮೇಲೆ ಯಾವ ಮಮತೆಯೂ ಇರಲಿಲ್ಲ. ಹಾಗಾಗಿಯೇ ಮಾತು ಕತ್ತಿಯಂತೆ ಹೊರಟಿತು. ಕೆಲಸದ ಅನುಭವ ಕಾನೂನು ಓದಿಗೆ ಹೇಗೆ ಒದಗುತ್ತದೆ, ದುಡಿಯುವ ವಯಸ್ಕರ ನಡುವೆ ಕಲಿಯುವುದು ಯಾಕೆ ಮೇಲು, ಕೈಯಲ್ಲಿದ್ದ ಕೆಲಸವನ್ನು ಬಿಡುವುದು ಧೈರ್ಯವೋ ಹುಂಬತನವೋ ಎಂದೆಲ್ಲ ಹೇಳಿ, ಸ್ವಲ್ಪ ಮೊದಲು ನಾನೇ ಆಡಿದ ಲೈಬ್ರರಿಯ ಮಾತನ್ನು ಗೇಲಿ ಮಾಡಿ ಹರಿದು ಹಾಕಿದೆ. ನಾಲ್ಕು ವರ್ಷ ಎಂಬುದು ಆ ಪಕ್ಷದ ದೊಡ್ಡ ದೌರ್ಬಲ್ಯ. ಹೀಗಾಗಿ ಅದನ್ನು ಒಂದೇ ವಾಕ್ಯದಲ್ಲಿ ದಾಟಿಸಿದೆ: "ಅವಧಿ ಸ್ವಲ್ಪ ಹೆಚ್ಚು, ನಿಜ." ಅಷ್ಟೇ. ಅಕ್ಕ ಚಪ್ಪಾಳೆ ತಟ್ಟಿದರು. ಇಂಥ ಚಪ್ಪಾಳೆ ಕೇಳಿ ಹನ್ನೊಂದು ವರ್ಷವಾಗಿತ್ತು. ಮೈಯಲ್ಲಿ ಏನೋ ಎದ್ದು ಕೂತಿತು.

"ಸಂಜೆಯದು ಗೆದ್ದಿತು," ಎಂದರು ಇವರು, ಗಂಟಲು ಸರಿಮಾಡಿಕೊಂಡು. "ಕೆಲಸ ಉಳಿಯತ್ತೆ. ಅನುಭವದ ಮಾತೂ ಸರಿ. ಆಮೇಲೆ ನಾಲ್ಕು ವರ್ಷ ನೆಮ್ಮದಿಯಾಗಿ ಇಲ್ಲೇ ಇರಬಹುದು, ಅವಸರ ಬೀಳಬೇಕಿಲ್ಲ. ಖಲಾಸ್."

"ಖಲಾಸ್," ಎಂದೆ ನಾನೂ. ಗೆದ್ದ ಬಿಸಿಯಲ್ಲೇ ಲ್ಯಾಪ್‌ಟಾಪ್ ತೆರೆದು ಸಂಜೆಯ ಸೀಟಿಗೆ ಒಪ್ಪಿಗೆ ಒತ್ತಿದೆ. ಹಗಲಿನದನ್ನು ನಿರಾಕರಿಸುವ ಗುಂಡಿಯನ್ನೂ ಒತ್ತಿದೆ. ಇದನ್ನು ಹಿಂತೆಗೆದುಕೊಳ್ಳಲಾಗದು ಎಂದು ಪರದೆಯ ಮೇಲೆ ಬಂತು. ಸರಿ ಎಂದು ಅದನ್ನೂ ಒತ್ತಿದೆ. ಯಾರೂ ನನ್ನ ಕೈ ಹಿಡಿದು ಒತ್ತಿಸಲಿಲ್ಲ. ಅದನ್ನು ಒಪ್ಪುತ್ತೇನೆ. ವಾದ ಕಲಿತವರು ಮಾತ್ರ ಮಾಡುವ ತಪ್ಪು ಇದು: ಚೆನ್ನಾಗಿ ಹೇಳಿದ್ದು ಸರಿಯಾದದ್ದೂ ಆಗಿರುತ್ತದೆ ಎಂದು ನಂಬುವುದು.

ಅಕ್ಕ ಹೋದರು. ನಾನು ಅನ್ನಕ್ಕೆ ಇಟ್ಟು, ಕಾಯಿ ತುರಿಯಲು ಕೂತೆ. ಕೈ ತುರಿಯುತ್ತಿತ್ತು, ತಲೆ ಹಳೆಯ ಅಭ್ಯಾಸದಂತೆ ಚರ್ಚೆಯನ್ನು ಮೊದಲಿನಿಂದ ಓಡಿಸುತ್ತಿತ್ತು. ಎಲ್ಲಿ ಗೆದ್ದೆ, ಯಾವ ಅಂಶಕ್ಕೆ ಅಂಕ ಬಿತ್ತು. ಕೆಲಸ, ನಾನು ಹೇಳಿದ್ದು. ಅನುಭವ, ಅದೂ ನಾನು ಹೇಳಿದ್ದು. ನಾಲ್ಕು ವರ್ಷ ನೆಮ್ಮದಿಯಾಗಿ ಇಲ್ಲೇ ಇರಬಹುದು.

ಅದನ್ನು ನಾನು ಹೇಳಿರಲಿಲ್ಲ. ಯಾವ ಪಕ್ಷದಿಂದಲೂ ಹೇಳಿರಲಿಲ್ಲ. ನಾನು ಅಡಗಿಸಿಟ್ಟ ದೌರ್ಬಲ್ಯವನ್ನು ತೀರ್ಪುಗಾರ ಎತ್ತಿಕೊಂಡು ಗುಣದ ಪಟ್ಟಿಗೆ ಸೇರಿಸಿದ್ದರು.

ತಕ್ಷಣ ಇನ್ನೊಂದು ಪಕ್ಷವನ್ನೂ ಯೋಚಿಸಿದೆ. ಬಿಡುವುದುಂಟೇ? ನನ್ನ ಆತಂಕ ನೋಡಿ ಸಮಾಧಾನಕ್ಕೆಂದು ಹೇಳಿರಬಹುದು. ಬಾಯಿ ತಪ್ಪಿ ಬಂದಿರಬಹುದು. ಆದರೆ ಕಳೆದ ಆರು ತಿಂಗಳಲ್ಲಿ ಊರಿನ ಮಾತು ಎತ್ತಿದಾಗಲೆಲ್ಲ ಅವರು ಟಿ.ವಿ.ಯ ದನಿ ಏರಿಸಿದ್ದೂ ಸಾಕ್ಷ್ಯವೇ. ನಾವು ಹೋಗಿ ಇರಬೇಕಿದ್ದ ಮಂಗಳೂರಿನ ಮನೆಯನ್ನು ಬಾಡಿಗೆಗೆ ಕೊಡೋಣ ಎಂದು ತಮ್ಮ ಅಣ್ಣನಿಗೆ ಫೋನಿನಲ್ಲಿ ಹೇಳುತ್ತಿದ್ದದ್ದೂ ಸಾಕ್ಷ್ಯವೇ. ಆಗ ನನಗೆ ಅವು ಬಿಡಿ ಬಿಡಿ ಸಂಗತಿಗಳು.

ತುರಿಯುವ ಮಣೆ ಬಿಟ್ಟು ಹೊರಗೆ ಹೋದೆ. ಇವರು ಬಾಲ್ಕನಿಯಲ್ಲಿ ಧೂಳು ಬೀಳುವ ಮೊದಲು ಬಟ್ಟೆ ತೆಗೆಯುತ್ತಿದ್ದರು. ಒಂದು ಕೈಯಲ್ಲಿ ನನ್ನ ಕ್ಲಿನಿಕ್ಕಿನ ಕೋಟು, ಬಾಯಲ್ಲಿ ಎರಡು ಕ್ಲಿಪ್ಪು.

"ರೀ, ನಾಲ್ಕು ವರ್ಷ ಇಲ್ಲೇ ಇರಬಹುದು ಅಂದ್ರಲ್ಲ, ಅದು ನನ್ನ ಪಾಯಿಂಟ್ ಅಲ್ಲ."

ಅವರು ಕೋಟನ್ನು ಮಡಚಿದರು. ತೋಳುಗಳನ್ನು ಒಳಗೆ ಸೇರಿಸಿ ಮತ್ತೊಮ್ಮೆ ಮಡಚಿದರು. ಬಾಯಿಂದ ಕ್ಲಿಪ್ಪು ತೆಗೆಯಲಿಲ್ಲ.

"ನನ್ನದಲ್ಲ ಅಂದ್ಮೇಲೆ ನಿಮ್ಮದು. ನಾನು ಬಾಯಿ ತೆರೆಯುವ ಮೊದಲೇ ನೀವು ತೀರ್ಮಾನ ಮಾಡಿ ಕೂತಿದ್ರಾ?"