ಮರೆಮ್ಮ ತಡೆದ ಕೊಯ್ತಾ

ಭೂಸನೂರಿನ ಕಡೆ ಕಬ್ಬು ಕಡಿಯುವ ಕತ್ತಿಗೆ ಕೊಯ್ತಾ ಅನ್ನುತ್ತಾರೆ. ಮರೆಮ್ಮ ಮೈನೆರೆದ ವರ್ಷದಿಂದ ಅದನ್ನೇ ಹಿಡಿದವಳು. ಅಕ್ಷರ ಕಲಿತದ್ದು ಗಂಡ ಸತ್ತ ಮೇಲೆ, ಬೈಬಲ್ ಓದಲೇಬೇಕೆಂಬ ಹಟಕ್ಕೆ. ಹಾಗಾಗಿ ಆ ರವಿವಾರ ತಗಡಿನ ಮನೆಯಲ್ಲಿ ನಾಲ್ಕು ಹೆಂಗಸರಿಗೆ ಕಡೆಯ ಕಾಲದ ಪ್ರವಾದನೆ ಬಿಡಿಸಿ ಹೇಳುವಾಗ, ಪುಸ್ತಕದ ಕುಡುಗೋಲು ಅವಳ ಬಾಯಲ್ಲಿ ಕೊಯ್ತಾ ಆಯಿತು.

"ಕೊಯ್ತಾ ಹಾಕು, ಕೊಯ್ಯೋ ಹೊತ್ತು ಬಂದಾದ!"

ದಾರಿಯಲ್ಲಿ ಹೋಗುತ್ತಿದ್ದ ಗುರುಶಾಂತನ ಕಿವಿಗೆ ಅಷ್ಟೇ ಬಿತ್ತು. ಅವನೂ ಅವಳ ಜೊತೆ ಕಬ್ಬು ಕಡಿಯುವವನೇ. ಕ್ರಿಸ್ತನವರು ನಮ್ಮನ್ನು ಕಡಿಯಲು ನಿಂತಿದ್ದಾರೆಂದು ಊರೊಳಗೆ ಹೇಳಿದ. ಅರ್ಧ ತಾಸಿನಲ್ಲಿ ಹತ್ತು ಮಂದಿಯ ಜೊತೆ ಬಡಿಗೆ ಹಿಡಿದು ಬಂದು ಬಾಗಿಲು ಒದ್ದ.

"ಏನಬೇ ಮರೆಮ್ಮ, ಯಾರ ಕುತಗಿ ಕೊಯ್ಯಾಕಿ ನೀ?"

"ಕುತಗಿ ಅಲ್ಲೋ ಗುರುಶಾಂತ, ಬೆಳಿ. ಭೂಮಿ ಬೆಳಿ ಮಾಗ್ಯಾದಂತ ಬರದಾದ."

"ಬರದಾಂವನ್ನ ಕರಿ, ನೋಡ್ತೇನಿ."

"ಆತ ಬರ್ತಾನಂತನೇ ಓದಾಕತ್ತೇನಿ."

ಒಬ್ಬ ನಕ್ಕ. ಗುರುಶಾಂತನಿಗೆ ಆ ನಗೆಯೇ ಉರಿ ಹತ್ತಿಸಿತು. ಬಡಿಗೆ ಅವಳ ಕಿವಿಯ ಮೇಲೆ ಬಿತ್ತು. ಬಿದ್ದವಳ ಪಕ್ಕೆಗೆ ಒದ್ದರು. ಆ ನಾಲ್ವರಲ್ಲಿ ಬಿಡಿಸಲು ಬಂದ ನಿಂಬೆವ್ವನ ಹಲ್ಲು ಮುರಿಯಿತು. ಪುಸ್ತಕ ಹರಿದು ಒಲೆಗೆ ಹಾಕಿದರು.

ಅಷ್ಟರಲ್ಲಿ ಹಿತ್ತಲಿಂದ ಮರೆಮ್ಮನ ಮಗ ಜಗದೇವ ಕೊಯ್ತಾ ಹಿಡಿದು ನುಗ್ಗಿದ. ಅದನ್ನು ಕಂಡು ಉಳಿದವರು ಹಿಂದೆ ಸರಿದರು. ಗುರುಶಾಂತ ಹೊಸ್ತಿಲು ಎಡವಿ ಅಂಗಾತ ಬಿದ್ದ.

"ಯವ್ವಾ, ಹೊತ್ತು ಬಂದಾದಂತ ನೀನೇ ಅಂದಿ," ಎಂದು ಜಗದೇವ ಕೊಯ್ತಾ ಎತ್ತಿದ.

ತನ್ನ ಮಾತೇ ಮಗನನ್ನು ಕೊಲೆಗಾರ ಮಾಡುತ್ತದೆಂದು ಮರೆಮ್ಮನ ಎದೆ ಒಡೆಯಿತು. ತೆವಳಿ ಹೋಗಿ ಎಡಗೈ ಅಡ್ಡ ಕೊಟ್ಟಳು. ಎರಡು ಬೆರಳು ಕಡಿದು ಗುರುಶಾಂತನ ಅಂಗಿಯ ಮೇಲೆ ಬಿದ್ದವು.

"ಕೊಯ್ತಾ ಯಾರ ಕೈಯಾಗ ಅದ ಅಂತ ಓದಿದ್ನಿ? ಹೇಳಲೇ."

ಜಗದೇವ ಹೇಳಿದ: "ಮನುಷ್ಯಕುಮಾರನ ಕೈಯಾಗ. ಕ್ರಿಸ್ತನ ಕೈಯಾಗ."

"ನೀ ಆತನೇನು?"

ಅವನು ಕೊಯ್ತಾ ಕೆಳಗಿಟ್ಟ. ಗುರುಶಾಂತ ಎದ್ದು, ಯಾರ ಮುಖವನ್ನೂ ನೋಡದೆ, ರಕ್ತದ ಅಂಗಿಯಲ್ಲೇ ಹೊರಗೆ ಹೋದ. ಬಂದವರೆಲ್ಲ ಅವನ ಹಿಂದೆ ಹೋದರು.

ಆಳಂದದ ದವಾಖಾನೆಯಲ್ಲಿ ಹೊಲಿಗೆ ಹಾಕುತ್ತ ಡಾಕ್ಟರು ಕೇಳಿದರು: "ಯಾರು ಕಡದ್ರಬೇ?"

"ನನ್ನ ಮಗನ ಕೊಯ್ತಾರಿ. ನಾನೇ ಅಡ್ಡ ಹೋದ್ನಿ."

"ಯಾಕ?"

"ಪುಸ್ತಕದಾಗಿನ ಮಾತು ಅವಂಗ ಪೂರಾ ತಿಳಿಸಿದ್ದಿಲ್ರಿ."