ಕರಿಯಮ್ಮನ ಮೇಲೆ ಕತ್ತಿ ಎತ್ತದವಳು

ಸೊರಬದ ಕಾಲೇಜಿನಿಂದ ಶಿಕಾರಿಪುರದ ಮನೆಗೆ ಮರಳುವ ಸಂಜೆಯ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತೆಂದರೆ ನನಗೆ ಅರ್ಧ ರಾಜ್ಯವೇ ಸಿಕ್ಕಂತೆ. ಡಬ್ಬಿಯಲ್ಲಿ ಉಳಿದ ಅವಲಕ್ಕಿಯನ್ನು ಮೆಲ್ಲುತ್ತ, ಕನ್ನಡ ಪಾಠ ಹೇಳಿ ಹೇಳಿ ಬಳಲಿದ ಗಂಟಲಿಗೆ ಬಿಡುವು ಕೊಟ್ಟು, ಗದ್ದೆಗಳು ಹಿಂದೆ ಸರಿಯುವುದನ್ನು ನೋಡುತ್ತ ಕೂರುವ ಆ ಹೊತ್ತು ಪೂರ್ತಿ ನನ್ನದು. ಅಂಥದೊಂದು ಹೊತ್ತಿನಲ್ಲೇ ಕಾವ್ಯಳ ಫೋನು ಬಂತು.

ಕಾವ್ಯ ನನ್ನ ಹಳೆಯ ವಿದ್ಯಾರ್ಥಿನಿ, ತೊಗರ್ಸಿ ಕಡೆಯ ಕುರಿ ಸಾಕುವವರ ಮಗಳು. ಈಗ ಶಿವಮೊಗ್ಗದ ಒಂದು ಪುಟ್ಟ ಕಂಪನಿಯಲ್ಲಿ ವಿಡಿಯೊ ಗೇಮುಗಳಿಗೆ ಪಾತ್ರಗಳನ್ನು ಬರೆಯುತ್ತಾಳೆ. ಅವಳದೇ ಕಲ್ಪನೆಯ ಮೊದಲ ಆಟ ತಯಾರಾಗುತ್ತಿತ್ತು. ಅದರಲ್ಲಿ ಆಡುವವರು ಕುರಿಗಾಹಿಗಳು. ಮುಸ್ಸಂಜೆಗೆ ಒಬ್ಬ ರಾಕ್ಷಸಿ ಬಂದು ಕುರಿಗಳನ್ನು ಹೊತ್ತೊಯ್ಯುತ್ತಾಳೆ, ಅವಳನ್ನು ಕೊಲ್ಲಬೇಕು. ಆ ರಾಕ್ಷಸಿಗೆ ನಮ್ಮೂರ ದೇವಿ ಕರಿಯಮ್ಮನ ಹೆಸರಿಟ್ಟಿದ್ದೇನೆ, ಹೇಗಿದೆ ಎಂದು ಕೇಳಿದಳು. ಬಾಯಲ್ಲಿ ಅವಲಕ್ಕಿ ಇಟ್ಟುಕೊಂಡೇ ನಾನು, ಹೆಸರು ಕೇಳಿದರೇ ಮೈ ಜುಮ್ಮೆನ್ನುತ್ತದೆ, ಅದನ್ನೇ ಇಡು ಅಂದುಬಿಟ್ಟೆ.

ನೀವಾದರೂ ಅಷ್ಟನ್ನೇ ಹೇಳುತ್ತಿದ್ದಿರೇನೋ. ಈ ಆಟಗಳ ಲೋಕವನ್ನು ಒಮ್ಮೆ ಇಣುಕಿ ನೋಡಿ: ಒಂದು ದೇಶದ ಸಿಡಿಲಿನ ದೇವರು ಅಲ್ಲಿ ಕೂಲಿ ಯೋಧ, ಇನ್ನೊಂದು ದೇಶದ ಮರಣದೇವತೆ ಬಾಗಿಲು ಕಾಯುವ ಭೂತ. ನಮ್ಮ ಬಳ್ಳಿಗಾವಿಯ ಕಂಬದ ಮೇಲೆ ಶತಮಾನಗಳಿಂದ ನಿಂತಿರುವ ಎರಡು ತಲೆಯ ಭೇರುಂಡ ಎಷ್ಟು ಆಟಗಳಲ್ಲಿ ಎಷ್ಟು ಸಲ ಸತ್ತಿದೆಯೋ. ದೇವರುಗಳಿಗೆ ಊರು ಬಿಟ್ಟು ವಲಸೆ ಹೋಗುವುದು ಹೊಸದಲ್ಲ. ಆದರೆ ಊರು ದಾಟಿದ ದೇವರನ್ನು ಅಲ್ಲಿ ಗುರುತು ಹಿಡಿದು ನಮಸ್ಕರಿಸುವವರು ಇರುವುದಿಲ್ಲ. ಕಾವ್ಯಳ ದೇವಿಯನ್ನು ಗುರುತು ಹಿಡಿಯುವವಳು ಮಾತ್ರ ಮನೆಯಲ್ಲೇ ಇದ್ದಳು.

ಯುಗಾದಿಗೆ ಊರಿಗೆ ಹೋದ ಕಾವ್ಯ ಹೆಮ್ಮೆಯಿಂದ ಅವ್ವ ನಿಂಗಮ್ಮನಿಗೆ ಆಟ ತೋರಿಸಿದಳಂತೆ. ಅರಿಶಿನದ ಮುಖದ, ಅಗಲ ಕಣ್ಣಿನ, ಹಣೆತುಂಬ ಕುಂಕುಮದ ಹೆಣ್ಣಿನ ಮೇಲೆ ಮಗಳ ಬೆರಳು ಕತ್ತಿ ಬೀಸುವುದನ್ನು ನಿಂಗಮ್ಮ ನೋಡಿದರು. ಬೈಯಲಿಲ್ಲ, ಅಳಲಿಲ್ಲ; ಮಗಳ ಜೊತೆ ಮಾತು ಬಿಟ್ಟರು. ಮೂರು ವಾರ ಕಳೆದರೂ ಅವ್ವ ಫೋನು ಎತ್ತದಿದ್ದಾಗ ಕಾವ್ಯ ನನ್ನನ್ನೇ ಕರೆದಳು, ನೀವಾದರೂ ಬಂದು ತಿಳಿಸಿ ಹೇಳಿ ಎಂದು. ತಪ್ಪಿನಲ್ಲಿ ಪಾಲು ನನ್ನದೂ ಇತ್ತು. ಭಾನುವಾರ ಇಬ್ಬರೂ ಹೋದೆವು.

ನಿಂಗಮ್ಮ ಕುರಿಹಟ್ಟಿಯ ಮುಂದೆ ನನಗೆ ಕಂಬಳಿ ಹಾಸಿ, ಕುಡಿಯಲು ಮಜ್ಜಿಗೆ ಕೊಟ್ಟರು. ಇದು ಬರೀ ಆಟ, ಹೆಸರು ಬರೀ ಹೆಸರು ಎಂದು ನಾನು ಪಾಠದ ಧಾಟಿಯಲ್ಲಿ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಅವರು ಮೆಲ್ಲಗೆ ಹೇಳಿದರು:

“ಅಕ್ಕೋರೆ, ಹಿಂದೆ ರೋಗ ಬಂದು ಹಟ್ಟಿ ಅರ್ಧ ಖಾಲಿ ಆತು. ಉಳಿದ ಕುರೀನ ಆಕಿ ಹೆಸರು ಹೇಳಿ ಮೇಯಾಕ ಬಿಟ್ವಿ. ಆ ಕುರಿ ಮೇಲೇ ನನ್ನ ಮಗಳು ಓದಿದ್ದು. ಕರಿಯಮ್ಮ ಕುರಿ ಕಾಯಾಕಿ ರೀ, ಕದಿಯಾಕಿ ಅಲ್ಲ.”

ಗ್ರಾಮದೇವತೆಯ ಕೆಂಗಣ್ಣು ಭಕ್ತರನ್ನು ಹೆದರಿಸಲಿಕ್ಕಲ್ಲ, ಭಕ್ತರ ಬೆನ್ನ ಹಿಂದಿನಿಂದ ಬರುವ ಕೇಡನ್ನು ಹೆದರಿಸಲಿಕ್ಕೆ ಎಂದು ತರಗತಿಯಲ್ಲಿ ನಾನೇ ಎಷ್ಟೋ ಸಲ ಹೇಳಿದ್ದೆ. ಹಾಗೆ ಬರೆದವರಿಗೆ ಅಂಕವನ್ನೂ ಕೊಟ್ಟಿದ್ದೆ. ತಿಳಿದದ್ದು ನಾಲಗೆಯಲ್ಲೇ ಉಳಿದು, ಕಣ್ಣಿಗೆ ಇಳಿದಿರಲಿಲ್ಲ.

ಹೆಸರು ಬದಲಾಯಿಸುವುದು ನಿಮಿಷದ ಕೆಲಸ, ಬದಲಾಯಿಸುತ್ತೇನೆ ಎಂದಳು ಕಾವ್ಯ. ನಿಂಗಮ್ಮ ಕೈ ಚಾಚಿ ಫೋನು ಕೇಳಿದರು. ಆಟ ಶುರುವಾಯಿತು, ಪರದೆಯ ಮೇಲೆ ಸಂಜೆಗೆಂಪು ಹರಡಿ, ಆ ಅರಿಶಿನದ ಮುಖ ಹತ್ತಿರ ಬಂತು. ಕತ್ತಿಯ ಗುರುತು ನಿಂಗಮ್ಮನ ಹೆಬ್ಬೆರಳ ಕೆಳಗೇ ಇತ್ತು.

“ಒತ್ತು ಅವ್ವ, ಇಲ್ಲಾಂದ್ರೆ ಕುರಿ ಹೋಗ್ತಾವೆ,” ಎಂದಳು ಮಗಳು.

“ಹೋದ್ರೆ ಹೋಗ್ಲಿ ಅಕ್ಕೋರೆ. ಹೆಸರು ತೆಗೀತಾಳ, ಮುಖ ಆಕಿದೇ ಐತಲ್ಲ,” ಎಂದರು ಅವರು, ಮಗಳಿಗಲ್ಲ, ನನಗೆ.

ನಿಂಗಮ್ಮ ಫೋನನ್ನು ಕಂಬಳಿಯ ಮೇಲಿಟ್ಟು ಕೈಮುಗಿದರು. ಪರದೆಯಲ್ಲಿ ಕುರಿಗಳು ಒಂದೊಂದಾಗಿ ಮರೆಯಾದವು. ಕಾವ್ಯ ಆಟವನ್ನು ನೋಡುತ್ತಿರಲಿಲ್ಲ. ಅವ್ವನ ಮುಗಿದ ಕೈಗಳನ್ನೇ ನೋಡುತ್ತಿದ್ದಳು.

ಶಿವಮೊಗ್ಗಕ್ಕೆ ಮರಳಿದವಳು, ಹಿಂದೆ ಮೂರು ತಿಂಗಳು ಕೂತು ಕಟ್ಟಿದ್ದ ಕಾಳಗದ ದೃಶ್ಯವನ್ನೇ ಅಳಿಸಿದಳು. ಕದಿಯುವ ಕೆಲಸ ತೋಳಗಳ ಪಾಲಿಗೆ ಹೋಯಿತು. ಎಷ್ಟು ಕಾದಾಡಿದರೂ ಆ ತೋಳಗಳು ಮುಗಿಯುವುದಿಲ್ಲ. ಆದರೆ ಆಯುಧ ಕೆಳಗಿಟ್ಟು ಕುರಿಗಳ ನಡುವೆ ಸುಮ್ಮನೆ ನಿಂತರೆ ಕರಿಯಮ್ಮ ಬಂದು ಮಂದೆಯ ಜೊತೆ ಕೂರುತ್ತಾಳೆ, ತೋಳಗಳು ಆ ಕಣ್ಣು ನೋಡಿ ಹಿಂದಿರುಗುತ್ತವೆ. ಕಾಯುತ್ತ ನಿಲ್ಲುವ ಆಟವನ್ನು ಯಾರಮ್ಮ ಆಡುತ್ತಾರೆ ಎಂದು ಅವಳ ಮಾಲೀಕರು ಗೊಣಗಿದರಂತೆ. ಆಮೇಲೆ ತಾವೇ ಆಡಲು ಕೂತು, ಏಳು ಸಲ ಸೋತು, ಎಂಟನೆಯ ಸಲ ಬೇಸತ್ತು ಕೈ ಬಿಟ್ಟಾಗ ಕರಿಯಮ್ಮ ಬಂದು ಕೂತಳು. ಹೀಗೇ ಇರಲಿ ಎಂದರಂತೆ ಅವರು. ಆಟದ ಬಿಡುಗಡೆ ತಡವಾಯಿತು. ಕಾವ್ಯಳಿಗೆ ಅದರ ಚಿಂತೆ ಇರಲಿಲ್ಲ.

ಹೊಸ ಆಟ ಹಿಡಿದು ಮತ್ತೆ ಹೋದ ದಿನ ನಾನೂ ಜೊತೆಗಿದ್ದೆ. ನಿಂಗಮ್ಮ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದರು. ತೋಳಗಳು ಬಂದವು. ಹೇಳಿಕೊಡುವ ಮೊದಲೇ ಅವರು ಬೆರಳು ಹಿಂದಕ್ಕೆ ತೆಗೆದುಕೊಂಡರು. ಕರಿಯಮ್ಮ ಬಂದಳು, ಮಂದೆಯ ನಡುವೆ ಕೂತಳು, ಒಂದು ಮರಿ ಅವಳ ಮಡಿಲಿಗೆ ತಲೆ ಇಟ್ಟಿತು. ನಾವಿಬ್ಬರೂ ನಿಂಗಮ್ಮನ ಮುಖವನ್ನೇ ನೋಡುತ್ತಿದ್ದೆವು. ಪರದೆಯಲ್ಲಿ ರಾತ್ರಿ ಕಳೆದು ಬೆಳಕು ಹರಿದ ಮೇಲೆ ಅವರು ಮಗಳ ಕಡೆ ತಿರುಗಿದರು. ಎರಡು ತಿಂಗಳ ನಂತರದ ಮೊದಲ ಮಾತು ಅದು.

“ಬೆಳಗಾದ ಮೇಲೂ ಬಯಲಾಗೇ ಕೂರ್ಸಿಯಲ್ಲ ಕಾವ್ಯ, ಬಿಸ್ಲು ಬೀಳಾಕತ್ತೈತಿ. ಒಂದು ಬೇವಿನ ಮರನಾದ್ರೂ ಹಾಕು.”

ಕಾವ್ಯ ಅಲ್ಲೇ ಹಟ್ಟಿಯ ಮುಂದೆ ಕೂತು ಲ್ಯಾಪ್‌ಟಾಪ್ ಬಿಚ್ಚಿದಳು. ಟೊಂಗೆ ಎಲ್ಲಿ ಬಾಗಬೇಕು, ನೆರಳು ಎಷ್ಟು ದೂರ ಚಾಚಬೇಕು ಎಂದು ಅವ್ವ ಬೆರಳಿಟ್ಟು ತೋರಿಸುತ್ತ ಹೋದರು, ಮಗಳು ಬರೆಯುತ್ತ ಹೋದಳು.